ಟರ್ಬೋ ತಣಿಯುವವರೆಗೆ

ಕಾರು ಕೊಂಡವರು ಊರು ಸುತ್ತುತ್ತಾರೆ. ನಾನು ಮಾತ್ರ ಕಾರು ಕೊಂಡ ಮೇಲೆ ಅದಕ್ಕೆ ಬರಬಹುದಾದ ಕಾಯಿಲೆಗಳ ಬಗ್ಗೆ ಓದಲು ಕುಳಿತೆ. ಒಂದು ಲೀಟರ್ ಪೆಟ್ರೋಲ್ ಎಂಜಿನ್, ಮೂರು ಸಿಲಿಂಡರ್, ಜೊತೆಗೆ ಗಾಳಿ ಊದಿ ಎಂಜಿನ್ನಿಗೆ ಬಲ ತುಂಬುವ ಟರ್ಬೋ ಎಂದು ಎಲ್ಲರೆದುರು ಬೀಗುತ್ತಿದ್ದವನಿಗೆ, ಓದುತ್ತಾ ಹೋದಂತೆ ಅದೆಲ್ಲ ರಕ್ತಪರೀಕ್ಷೆಯ ವರದಿಯಂತೆ ಕೇಳತೊಡಗಿತು. ಒಳಗೆ ಮಸಿ ಕಟ್ಟುತ್ತದಂತೆ, ಆಯಿಲ್ ಕುಡಿಯುತ್ತದಂತೆ, ನಿಂತಲ್ಲೇ ನಡುಗುತ್ತದಂತೆ. ನಡುಗುತ್ತಿರುವುದು ಕಾರೋ ನಾನೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಇವೆಲ್ಲದರಲ್ಲಿ ನನ್ನ ಎದೆಗೆ ನಾಟಿದ್ದು ಒಂದೇ ಉಪದೇಶ: ಟರ್ಬೋ ಕೆಂಡದಂತೆ ಕಾದಿರುತ್ತದೆ, ಗಾಡಿ ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡಬೇಡಿ, ತಣಿಯಲು ಬಿಡಿ. ಆದರೆ ಬನಶಂಕರಿ ಸಿಗ್ನಲ್‌ನಲ್ಲಿ ನಿಂತರೆ ಪೆಟ್ರೋಲ್ ಉಳಿಸಲೆಂದು ಕಾರು ತಾನಾಗಿಯೇ ಆಫ್ ಆಗುತ್ತದೆ! ಕಾರು ಮಾಡಿದವರನ್ನು ನಂಬಲೋ, ಓದಿದ್ದನ್ನು ನಂಬಲೋ? ತಿಳಿಯದೆ, ಮನೆಯ ಮುಂದಾದರೂ ನೇಮ ತಪ್ಪಬಾರದೆಂದು ದಿನವೂ ಎಂಜಿನ್ ಓಡಿಸುತ್ತಾ, ಗಾಜು ಮುಚ್ಚಿಕೊಂಡು ಕೂರುತ್ತಿದ್ದೆ.

ಒಂದು ಸಂಜೆ ಎದುರುಮನೆಯ ಮುನಿರಾಜಪ್ಪನವರು ಗಾಜು ತಟ್ಟಿದರು. ಒಂದು ಕಾಲಕ್ಕೆ ನಮ್ಮ ಬೀದಿಯೆಲ್ಲ ಅವರ ರಾಗಿ ಹೊಲ. ಹಾಗಾಗಿ ಬೀದಿಯ ಸಂಸಾರಗಳೂ ತಮ್ಮವೇ ಎಂಬ ಭಾವ ಅವರಿಗೆ. "ಸಾರ್, ಗಂಡ ಹೆಂಡ್ತಿ ಅಂದ್ಮೇಲೆ ಇದ್ದಿದ್ದೇ. ದಿನಾ ಹಿಂಗೆ ಮನೆಗೆ ಹೋಗ್ದೆ ಹೊರಗೆ ಕೂತ್ರೆ ಹೆಂಗೆ? ಬೇಕಾದ್ರೆ ನಾನ್ ಬಂದು ಮೇಡಂ ಹತ್ರ ಮಾತಾಡ್ತೀನಿ."

ಹೂ ಕೊಳ್ಳಲು ಗೇಟಿಗೆ ಬಂದಿದ್ದ ನನ್ನ ಹೆಂಡತಿ ಗಿರಿಜಾ ಇದನ್ನು ಕೇಳಿಸಿಕೊಂಡಳು. ನಾನು ಒಳಗೆ ಹೋದದ್ದೇ ತಡ, "ಬೀದಿಯೋರೆಲ್ಲ ನನ್ನನ್ನ ರಾಕ್ಷಸಿ ಅಂದ್ಕೊಂಡಿದಾರೆ ಕಣ್ರೀ! ನಿಮ್ಮ ಟರ್ಬೋ ಉಳೀಬೇಕೋ, ನನ್ನ ಮರ್ಯಾದೆ ಉಳೀಬೇಕೋ?" ಎಂದಳು. ಎರಡೂ ಎಂದೆ. ಅದು ತಪ್ಪು ಉತ್ತರವಾಗಿತ್ತು. ತಕ್ಷಣ ಹುಳಿಮಾವಿನಲ್ಲಿರುವ ತಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದಳು. ಅವನದೂ ಇದೇ ಕಾರು. ಅವನು ಬಿದ್ದು ಬಿದ್ದು ನಕ್ಕ. "ಅಕ್ಕಾ, ಹೈವೇಲಿ ಜೋರಾಗಿ ಓಡ್ಸಿ ಬಂದ್ರೆ ಆಫ್ ಮಾಡೋ ಮುಂಚೆ ಒಂಚೂರು ಕಾಯೋದು ಸರಿ. ಭಾವ ಜಯನಗರಕ್ಕೆ ಹೋಗಿ ಬರೋ ಸ್ಪೀಡಿಗೆ ಟರ್ಬೋ ನಿದ್ದೆಯಿಂದಾನೇ ಎದ್ದಿರಲ್ಲ!"

ಮರುದಿನ ಮನೆ ಮುಂದೆ ಬಂದವನೇ, ಎದೆ ಗಟ್ಟಿ ಮಾಡಿಕೊಂಡು ಎಂಜಿನ್ ಆಫ್ ಮಾಡಿದೆ. ಕಾರಿನ ಬಾಗಿಲು ತೆರೆದರೆ ಮನೆಯೊಳಗಿಂದ ಬೀದಿಯ ಹೆಂಗಸರ ನಗು. ಹೋದ ಮರ್ಯಾದೆಯನ್ನು ಗಿರಿಜಾ ಕಾಫಿ ಕೊಟ್ಟು ವಾಪಸ್ ತರುತ್ತಿದ್ದಳು. "ಜಗಳಾನೂ ಇಲ್ಲ, ಏನೂ ಇಲ್ಲ ಆಂಟಿ. ಇವ್ರು ಓಡ್ಸೋ ಚಂದಕ್ಕೆ ಆ ಟರ್ಬೋ ಎದ್ದೇ ಇಲ್ವಂತೆ. ಇವ್ರು ದಿನಾ ಅದಕ್ಕೆ ಗಾಳಿ ಬೀಸ್ಕೊಂಡು ಕೂರ್ತಿದ್ರು!" ಮತ್ತೆ ನಗು.

ನಾನು ಮೆಲ್ಲಗೆ ಬಾಗಿಲೆಳೆದುಕೊಂಡು ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿದೆ. ಎದುರು ಗೇಟಿನಿಂದ ಮುನಿರಾಜಪ್ಪನವರು ಮರುಕದಿಂದ ನೋಡುತ್ತಿದ್ದರು. ಈ ಸಲ ಅವರ ಊಹೆ ಸರಿಯಾಗಿಯೇ ಇತ್ತು.