ಹನೀಫಾಕರ ಜನರೇಟರ್ ವಿದ್ಯೆ

ಸೌದಿಯ ದಮ್ಮಾಮಿನಲ್ಲಿ ಇಪ್ಪತ್ತೆರಡು ವರ್ಷ ಇದ್ದವರು ಹನೀಫಾಕ. ಆದರೆ ದಮ್ಮು ಹಿಡಿದದ್ದು ಕಕ್ಕಿಂಜೆಯಲ್ಲೇ ಇದ್ದ ಅವರ ಹೆಂಡತಿ ಆಸ್ಯಮ್ಮನಿಗೆ. ಇದು ಯಾವ ಊರಿನ ನ್ಯಾಯ ಎಂದು ಹನೀಫಾಕ ಆಗಾಗ ಕೇಳುತ್ತಿದ್ದರು. ಆಸ್ಯಮ್ಮ ಆವಿ ಹಿಡಿಯುವ ಮೆಷಿನಿನ ಮಾಸ್ಕನ್ನು ಮೂಗಿಗೆ ಏರಿಸಿಕೊಳ್ಳುತ್ತಿದ್ದರು.

ಹೋದ ಜೂನಿನಲ್ಲಿ ಚಾರ್ಮಾಡಿ ರಸ್ತೆಯಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋಯಿತು. ಮೆಷಿನು ಮೂಕವಾಯಿತು. ಆಸ್ಯಮ್ಮನನ್ನು ಜೀಪಿನಲ್ಲಿ ಉಜಿರೆಯ ಆಸ್ಪತ್ರೆಗೆ ಒಯ್ಯಬೇಕಾಯಿತು. ದಾರಿಯುದ್ದಕ್ಕೂ ಅವರು ಗಂಡನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ಹುಷಾರಾಗಿ ಮನೆಗೆ ಬಂದರೂ ಆ ತೋಳಿನ ಮುದುಡು ಹನೀಫಾಕರ ಮನಸ್ಸಿನಿಂದ ಹೋಗಲಿಲ್ಲ. ಮರುವಾರವೇ ಬೆಳ್ತಂಗಡಿಗೆ ಹೋಗಿ ಪೆಟ್ರೋಲಿನ ಒಂದು ಸಣ್ಣ ಜನರೇಟರ್ ತಂದರು.

"ನಿಮಗೆ ಇದು ಸ್ಟಾರ್ಟ್ ಮಾಡ್ಲಿಕ್ಕೆ ಬರ್ತದಾ?" ಆಸ್ಯಮ್ಮ ಕೇಳಿದರು.

"ಎಂಥ ಕೇಳ್ತೀ ಮಾರಾಯ್ತಿ! ದಮ್ಮಾಮಿನಲ್ಲಿ ಲಾರಿಯಷ್ಟು ದೊಡ್ಡ ಜನರೇಟರ್ ನನ್ನ ಕೈಯಲ್ಲೇ ಇದ್ದದ್ದು."

(ಕೈಯಲ್ಲಿ ಇದ್ದದ್ದು ಆ ಜನರೇಟರ್ ಇಟ್ಟ ಶೆಡ್ಡಿನ ಬೀಗದ ಕೈ. ಈ ವಿವರವನ್ನು ಅವರು ಯಾರಿಗೂ ಹೇಳಿದ್ದಿಲ್ಲ.)

ಜುಲೈಯ ಒಂದು ಮಧ್ಯಾಹ್ನ ಮತ್ತೆ ಕರೆಂಟು ಹೋಯಿತು. ಆಸ್ಯಮ್ಮನ ಎದೆಯಲ್ಲಿ ಸಣ್ಣಗೆ ಶಿಳ್ಳೆ ಶುರುವಾಗಿತ್ತು. ಹನೀಫಾಕ ಯುದ್ಧಕ್ಕೆ ಹೊರಟ ಸೇನಾಧಿಪತಿಯಂತೆ ಲುಂಗಿ ಎತ್ತಿ ಕಟ್ಟಿ ಜನರೇಟರನ್ನು ಸೀದಾ ಅಡುಗೆಮನೆಯೊಳಗೆ ತಂದಿಟ್ಟರು.

"ಅಲ್ಲಿ ಬೇಡ. ಹೊಗೆ ಒಳಗೆ ತುಂಬಿದರೆ ಗೊತ್ತೇ ಆಗದ ಹಾಗೆ ಜೀವ ಹೋಗ್ತದಂತೆ. ಇದರೊಟ್ಟಿಗೆ ಬಂದ ಪುಸ್ತಕದಲ್ಲಿ ಉಂಟು," ಎಂದರು ಆಸ್ಯಮ್ಮ.

"ಹೊರಗೆ ಮಳೆ!"

"ಅಂಗಳದಲ್ಲಿ ಸ್ಕೂಟರಿಗೆ ಹಾಕಿದ ಶೀಟಿನ ಮಾಡು ಉಂಟಲ್ಲ. ನಾಲ್ಕೂ ಕಡೆ ಗಾಳಿ. ಹೊಗೆಯ ಕೊಳವೆ ತೋಟದ ಕಡೆಗೆ ತಿರುಗಿರ್ಲಿ, ಕಿಟಕಿಯ ಕಡೆಗೆ ಬೇಡ."

ಮದುವೆಯಾದ ಮೂವತ್ತಾರು ವರ್ಷಗಳಲ್ಲಿ ಹೆಂಡತಿ ಏದುಸಿರಿನಲ್ಲಿ ಹೇಳಿದ್ದನ್ನು ಹನೀಫಾಕ ಒಮ್ಮೆಯೂ ತಳ್ಳಿಹಾಕಿದವರಲ್ಲ. ಸ್ಕೂಟರ್ ಮಳೆಗೆ ಬಂತು, ಜನರೇಟರ್ ಮಾಡಿನಡಿ ಹೋಯಿತು. ಅವರು ಹಗ್ಗ ಎಳೆದರು. ಜನರೇಟರ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಐದು ಸಲ ಎಳೆದರು. ಹತ್ತು ಸಲ ಎಳೆದರು. ಈಗ ಅಂಗಳದಲ್ಲಿ ದಮ್ಮು ಇದ್ದದ್ದು ಅವರಿಗೇ.

"ಪೆಟ್ರೋಲಿನ ಕೀಲಿ ತೆರೆದಿದ್ದೀರಾ?" ಕಿಟಕಿಯಿಂದ ಆಸ್ಯಮ್ಮನ ದನಿ.

ಹನೀಫಾಕ ತೆರೆದರು.

"ಚೋಕ್ ಎಳೆದಿದ್ದೀರಾ?"

ಎಳೆದರು.

"ಸ್ವಿಚ್ ಆನ್ ಉಂಟಾ?"

"ಅದನ್ನು ಈಗ ಮಾಡ್ತೇನೆ ಅಂತಲೇ ಇದ್ದೆ," ಎಂದು ಗೊಣಗಿ ಇದ್ದ ಬಲವನ್ನೆಲ್ಲ ಹಾಕಿ ಎಳೆದರು. ಎರಡು ಸದ್ದು ಒಟ್ಟಿಗೆ ಕೇಳಿದವು. ಒಂದು ಜನರೇಟರ್ ಸ್ಟಾರ್ಟ್ ಆದದ್ದು. ಇನ್ನೊಂದು ಅವರ ಬಲಭುಜ 'ಕಟಕ್' ಎಂದದ್ದು. ಎರಡನೆಯದನ್ನು ಅವರು ಪ್ರಕಟಿಸಲಿಲ್ಲ.

"ಈಗಲೇ ವಯರ್ ಸಿಕ್ಕಿಸ್ಬೇಡಿ. ಚೋಕ್ ಹಿಂದಕ್ಕೆ ತಳ್ಳಿ, ಸ್ವಲ್ಪ ಬಿಸಿಯಾಗ್ಲಿ."

ಬಿಸಿಯಾಯಿತು. ಕಿಟಕಿಯೊಳಗೆ ಬಿಟ್ಟಿದ್ದ ಉದ್ದ ವಯರನ್ನು ಸಿಕ್ಕಿಸಿದರು. ಒಳಗೆ ಮೆಷಿನು ಗುಂಯ್ ಎಂದಿತು. ಬಿಳಿ ಆವಿ ಆಸ್ಯಮ್ಮನ ಮಾಸ್ಕಿನಲ್ಲಿ ತುಂಬಿತು. ಅವರ ಹೆಗಲು ನಿಧಾನವಾಗಿ ಇಳಿಯುವುದನ್ನು, ಕಣ್ಣು ಮುಚ್ಚುವುದನ್ನು ಹನೀಫಾಕ ಕಿಟಕಿಯ ಸರಳು ಹಿಡಿದು ನೋಡುತ್ತ ನಿಂತರು. ಭುಜದ ನೋವು ಆಗ ನೆನಪೇ ಆಗಲಿಲ್ಲ.

ಆಮೇಲೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕೊಡೆ ಬಿಡಿಸಿ, ಜನರೇಟರಿಗೆ ಕಾವಲು ಕೂತರು. ಅರ್ಧ ಗಂಟೆ ಕಳೆದಿರಬಹುದು. ಒಳಗೆ ಇಣುಕಿದವರು ಕೂಗಿದರು:

"ಆಸ್ಯಾ, ಮೇಲೆ ನೋಡು! ಫ್ಯಾನ್ ಕೂಡ ತಿರುಗ್ತಾ ಉಂಟು! ಎಂಥ ಪವರ್ ಇದರದ್ದು!"

ಆಸ್ಯಮ್ಮ ಫ್ಯಾನನ್ನು ನೋಡಿದರು. ಮೆಷಿನಿಗೆ ಮಾತ್ರ ಬಂದಿದ್ದ ವಯರನ್ನು ನೋಡಿದರು. ಮತ್ತೆ ಗಂಡನ ಮುಖ ನೋಡಿ, ಮಾಸ್ಕಿನೊಳಗಿಂದ "ಹ್ಞೂಂ" ಎಂದರು.

ಒಂದು ಗಂಟೆ ಹೀಗೇ ನಡೆಯಿತು. ಕೊನೆಗೆ ಪಕ್ಕದ ಮನೆಯ ನೀಲಾವತಿ ಕಿವಿ ಮುಚ್ಚಿಕೊಂಡೇ ಬಂದರು. ಮೊಬೈಲ್ ಚಾರ್ಜಿಗೆ ಬಂದಿರಬೇಕೆಂದು ಹನೀಫಾಕ ಉದಾರವಾಗಿ ಕೈ ಚಾಚಿದರು.

"ಕೊಡಿ ಅಕ್ಕ, ಸಂಕೋಚ ಬೇಡ."

"ಎಂಥ ಕೊಡುದು ಹನೀಫಾಕ? ಕರೆಂಟ್ ಬಂದು ಗಂಟೆಯಾಯ್ತು. ನಾನು ಗ್ರೈಂಡರಿನಲ್ಲಿ ಹಿಟ್ಟು ಕಡೆದೂ ಆಯ್ತು. ಇದನ್ನೊಮ್ಮೆ ಬಂದ್ ಮಾಡಿ ಮಾರಾಯ್ರೆ!"

ಹನೀಫಾಕರ ಮುಖ ಕೊಡೆಗಿಂತ ಕಪ್ಪಾಯಿತು. ಸ್ವಿಚ್ಚಿಗೆ ಕೈ ಹಾಕಿದರು.

"ಹಾಗಲ್ಲ!" ಕಿಟಕಿಯಿಂದ ಕೇಳಿತು. "ಮೊದಲು ವಯರ್ ತೆಗೀರಿ. ಎರಡು ನಿಮಿಷ ಖಾಲಿ ಓಡ್ಲಿ. ಮತ್ತೆ ಸ್ವಿಚ್. ಕೊನೆಗೆ ಪೆಟ್ರೋಲಿನ ಕೀಲಿ. ಬಿಸಿ ಇರುವಾಗ ಪೆಟ್ರೋಲ್ ತುಂಬಿಸ್ಲಿಕ್ಕೆ ಹೋಗ್ಬೇಡಿ."

ಎಲ್ಲವನ್ನೂ ಕ್ರಮವಾಗಿ ಮಾಡಿದರು. ಸದ್ದು ನಿಂತಿತು. ನೀಲಾವತಿ ನಗು ನುಂಗಿಕೊಂಡು ಹೊರಟರು. ಹನೀಫಾಕ ಒಳಗೆ ಬಂದು ಮಂಚದ ತುದಿಯಲ್ಲಿ ಕೂತರು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳ್ಲಿಕ್ಕೆ ಎಂಥ ಆಗಿತ್ತು?"

"ಬಾಯಿಗೆ ಮಾಸ್ಕ್ ಇತ್ತಲ್ಲ." ಆಸ್ಯಮ್ಮ ವಯರನ್ನು ಸುರುಳಿ ಸುತ್ತತೊಡಗಿದರು. "ಮತ್ತೆ, ನೀವು ಕೊಡೆ ಹಿಡ್ಕೊಂಡು ಅಷ್ಟು ಚಂದ ಕೂತಿದ್ರಿ."

ಹನೀಫಾಕ ಭುಜ ಹಿಡಿದು "ಅಯ್ಯೋ" ಎಂದರು. ಅದೊಂದು ನಿಜವಾಗಿತ್ತು, ಬಲಗೈ ಮೇಲೇಳುತ್ತಲೇ ಇರಲಿಲ್ಲ. ರಾತ್ರಿ ಊಟಕ್ಕೆ ಆಸ್ಯಮ್ಮ ಗಂಜಿಯ ಬಟ್ಟಲು, ಚಮಚ ಹಿಡಿದು ಪಕ್ಕದಲ್ಲಿ ಕೂತರು. ಮದುವೆಯ ಹೊಸತರಲ್ಲೂ ಸಿಗದಿದ್ದ ಈ ಭಾಗ್ಯ ಹನೀಫಾಕರಿಗೆ ಬಹಳ ರುಚಿಸಿತು. ಭುಜ ಮರುದಿನವೇ ವಾಸಿಯಾಯಿತು. ಆ ಸುದ್ದಿಯನ್ನೂ ಅವರು ಪ್ರಕಟಿಸಲಿಲ್ಲ. ಮೂರು ದಿನ, ಮೂರು ಹೊತ್ತು, "ಆ" ಎಂದು ಬಾಯಿ ತೆರೆಯುವುದೊಂದೇ ಕೆಲಸ.

ನಾಲ್ಕನೆಯ ದಿನ ಬೆಳಿಗ್ಗೆ ಬಟ್ಟಲು ಹಿಡಿದು ಬಂದ ಆಸ್ಯಮ್ಮ ಉಸ್ಸೆಂದು ನಿಟ್ಟುಸಿರು ಬಿಟ್ಟರು.

"ಆ ಜನರೇಟರನ್ನು ಆಗಾಗ ಓಡಿಸ್ತಾ ಇರ್ಬೇಕಂತೆ. ನಿಮ್ಮಿಂದ ಆಗ್ಲಿಕ್ಕಿಲ್ಲ. ನೀಲಾವತಿಯನ್ನೇ ಕರೀತೇನೆ."

"ನೀಲಾವತಿಯನ್ನಾ?" ಹನೀಫಾಕ ದಡಕ್ಕನೆ ಎದ್ದರು. ಅಂಗಳಕ್ಕೆ ಹಾರಿ ಕೀಲಿ ತೆರೆದರು, ಚೋಕ್ ಎಳೆದರು, ಸ್ವಿಚ್ ಹಾಕಿದರು, ಹಗ್ಗ ಜಗ್ಗಿದರು. ಒಂದೇ ಎಳೆತಕ್ಕೆ ಜನರೇಟರ್ ಗುಡುಗಿತು! ಬಲಗೈಯನ್ನು ಆಕಾಶಕ್ಕೆ ಎತ್ತಿ, ವಿಜಯದ ನಗೆ ಬೀರಿ, ಕಿಟಕಿಯ ಕಡೆಗೆ ತಿರುಗಿದರು.

ಕಿಟಕಿಯಲ್ಲಿ ಆಸ್ಯಮ್ಮ ಚಮಚ ಹಿಡಿದು ನಿಂತಿದ್ದರು.