ಒಂದೇ ಗಂಟೆಯಲ್ಲಿ ಹೊತ್ತಿದ ಹಸಿರು ದೀಪ

ಬಯಲಿನಲ್ಲಿ ಹಾಡುವವರಿಗೆ ಮೈಕು, ಸ್ಪೀಕರು ಹೊಂದಿಸಿಕೊಡುವ ಕೆಲಸದಲ್ಲಿ ಒಂದು ವಿಚಿತ್ರವಿದೆ. ಎಲ್ಲ ಸರಿಯಾಗಿ ನಡೆದರೆ ಆ ಮನುಷ್ಯ ಅಲ್ಲಿದ್ದಾನೆ ಎಂಬುದೇ ಯಾರಿಗೂ ಗೊತ್ತಾಗುವುದಿಲ್ಲ. ಸ್ಪೀಕರ್ ಡಬ್ಬ ಗೊರ್ ಎಂದಿತೋ, ಕೀ ಎಂದಿತೋ, ಐವತ್ತು ತಲೆಗಳು ಒಟ್ಟಿಗೆ ಅವನ ಕಡೆ ತಿರುಗುತ್ತವೆ. ಕೆಲವು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಹಾಗೆ ತಿರುಗಿದ ತಲೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ತಪ್ಪು ಪೂರ್ತಿಯಾಗಿ ನನ್ನದೇ ಆಗಿದ್ದ ದಿನ ಒಂದು ತಲೆಯೂ ನನ್ನ ಕಡೆ ತಿರುಗಲಿಲ್ಲ. ಎಲ್ಲರೂ ನಮ್ಮಕ್ಕನ ಕುತ್ತಿಗೆಯನ್ನು ನೋಡಿದರು. ನಾನೂ ಅವರ ಜೊತೆ ಸೇರಿಕೊಂಡು ಅದನ್ನೇ ನೋಡಿದೆ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ನಾನು ಒಂಬತ್ತನೇ ಕ್ಲಾಸಿಗೆ ಹೋದದ್ದು ಹನ್ನೆರಡು ದಿನ. ಆಮೇಲೆ ಒಂದು ಪ್ರೆಸ್ಸಿನಲ್ಲಿ ಕಾಗದದ ಕಟ್ಟು ಎತ್ತಿಡುವ ಕೆಲಸಕ್ಕೆ ಸೇರಿ ಅಲ್ಲೇ ತಲೆ ನರೆಸಿಕೊಂಡೆ. ಮದರಾಸಿನಲ್ಲಿ ಮೂರು ತಲೆಮಾರಿನಿಂದ ಇರುವ ನಮ್ಮ ಮನೆತನದಲ್ಲಿ ಒಬ್ಬರು ಬ್ಯಾಂಕು, ಒಬ್ಬರು ರೈಲ್ವೆ, ಇನ್ನೊಬ್ಬರು ಕಾಲೇಜು. ಮದುವೆಮನೆಗಳಲ್ಲಿ ನನ್ನನ್ನು ಪರಿಚಯ ಮಾಡಿಕೊಡುವಾಗ ಮಾತ್ರ ಎಲ್ಲರಿಗೂ ಒಂದು ಸಣ್ಣ ಕೆಮ್ಮು ಬರುತ್ತಿತ್ತು. ಕೆಮ್ಮಿ ಮುಗಿಸಿ, "ಇವನು ವಾಸು, ವನಜನ ತಮ್ಮ" ಎನ್ನುತ್ತಿದ್ದರು. ಅದು ನಿಜವೂ ಹೌದು. ವನಜಕ್ಕ ಶಾಲೆಯಲ್ಲಿ ಸಂಗೀತದ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಕೀಲ್ಪಾಕಿನಲ್ಲಿ ತನ್ನ ಮನೆ ಹತ್ತಿರದ ಪಾರ್ಕಿನಲ್ಲಿ ಶನಿವಾರ ಶನಿವಾರ ಸಂಜೆ ದೇವರನಾಮ ಹಾಡಲು ಶುರುಮಾಡಿದಳು. ಪಾರ್ಕಿನ ಕರೆಂಟು ಮುಟ್ಟಬಾರದು ಎಂದು ಕಾವಲುಗಾರ ಹೇಳಿದ. ಜನರೇಟರ್ ತಂದರೆ ಹಾಡಿಗಿಂತ ಅದರ ಸದ್ದೇ ಜಾಸ್ತಿ. ಕೊನೆಗೆ ಅಕ್ಕ ಬ್ಯಾಟರಿಯಿಂದ ನಡೆಯುವ, ಚಕ್ರವಿರುವ, ಸೂಟ್‌ಕೇಸಿನ ಹಾಗೆ ಎಳೆದುಕೊಂಡು ಹೋಗಬಹುದಾದ ಒಂದು ಸ್ಪೀಕರ್ ಡಬ್ಬ ಕೊಂಡು, ಅದನ್ನು ನನ್ನ ಕೈಗೆ ಕೊಟ್ಟಳು. "ಇದರ ಪೊರುಪ್ಪೆಲ್ಲ ನಿಂದೇ ಕಣೋ" ಎಂದಳು. ಪೊರುಪ್ಪು ಎಂದರೆ ಜವಾಬ್ದಾರಿ. ನಮ್ಮ ಮನೆಗಳಲ್ಲಿ ಆ ಮಾತು ಯಾವಾಗಲೋ ತಮಿಳಾಗಿಹೋಗಿದೆ. ನನಗೆ ಅದನ್ನು ಯಾವ ಭಾಷೆಯಲ್ಲೂ ಯಾರೂ ಅದುವರೆಗೆ ಕೊಟ್ಟಿರಲಿಲ್ಲ.

ನಾನಿರುವುದು ಕ್ರೋಂಪೇಟೆಯಲ್ಲಿ. ಪ್ರತಿ ಶನಿವಾರ ಡಬ್ಬವನ್ನು ಲೋಕಲ್ ರೈಲಿಗೆ ಹತ್ತಿಸಿ, ಇಳಿಸಿ, ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆ. ರೈಲಿನಲ್ಲಿ ಯಾರಾದರೂ ಒಬ್ಬರು ತಮಿಳಿನಲ್ಲಿ "ಎಂದ ಕಚ್ಚಿ ಮೀಟಿಂಗ್?" ಎಂದು, ಅಂದರೆ ಯಾವ ಪಕ್ಷದ ಸಭೆ ಎಂದು, ಕೇಳಿಯೇ ಕೇಳುತ್ತಿದ್ದರು. ಇನ್ನೂ ನಿರ್ಧಾರವಾಗಿಲ್ಲ ಎನ್ನುತ್ತಿದ್ದೆ. ಪಾರ್ಕಿಗೆ ಬರುವ ಹೆಂಗಸರು ನನ್ನನ್ನು 'ಸೌಂಡ್ ಸಾರ್' ಎಂದು ಕರೆಯತೊಡಗಿದರು. ಅರವತ್ತರ ಹತ್ತಿರ ಬಂದ ಮೇಲೆ ಮೊದಲ ಸಲ ನನ್ನ ಹಿಂದೆ ಒಂದು ಸಾರ್ ಬಂತು. ಆ ಸಾರ್ ನನ್ನ ತಲೆಗೆ ಏರಿತು. ಮೈಕನ್ನು ಎರಡು ಬೆರಳಿನಿಂದ ತಟ್ಟಿ, ಆಕಾಶ ನೋಡಿ, ಗುಂಡಿಯೊಂದನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ಆ ಗುಂಡಿ ಯಾವುದಕ್ಕೆ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.

ಹೀಗಿರುವಾಗ ಅಕ್ಕನ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಗಲೇಬೇಕು, ಅಪರೂಪಕ್ಕೆ ಕೆಲವರಿಗೆ ಮೇಲಿನ ಸ್ಥಾಯಿ ಸ್ವಲ್ಪ ಕುಗ್ಗಬಹುದು, ಆರು ತಿಂಗಳು ಹಾಡುವುದು ಬೇಡ ಎಂದರು ಡಾಕ್ಟರು. ಆಸ್ಪತ್ರೆಗೆ ಹೊರಡುವ ದಿನ ಬೇರೆಯವರಾಗಿದ್ದರೆ ಒಡವೆ ಎಲ್ಲಿದೆ, ಬೀರು ಕೀಲಿ ಎಲ್ಲಿದೆ ಎಂದು ಹೇಳುತ್ತಿದ್ದರು. ಅಕ್ಕ ನನ್ನನ್ನು ಕರೆದು, "ವಾಸು, ಹದಿನೈದು ದಿನಕ್ಕೊಂದ್ಸಲ ಡಬ್ಬಕ್ಕೆ ಚಾರ್ಜ್ ಹಾಕೋ. ಸುಮ್ನೆ ಇಟ್ರೆ ಬ್ಯಾಟರಿ ಕೆಟ್ಟೋಗುತ್ತಂತೆ" ಎಂದಳು. ಕಂಡಿಪ್ಪಾ ಹಾಕ್ತೀನಿ, ಖಂಡಿತ ಹಾಕ್ತೀನಿ ಎಂದು ಎರಡು ಭಾಷೆಯಲ್ಲಿ ಮಾತು ಕೊಟ್ಟೆ. ಆರು ತಿಂಗಳಲ್ಲಿ ಒಂದು ಸಲವೂ ಹಾಕಲಿಲ್ಲ. ಕೆಲಸವಿತ್ತು ಎನ್ನೋಣವೆಂದರೆ ಪ್ರೆಸ್ಸು ಆಗಲೇ ನನ್ನನ್ನು ಮನೆಗೆ ಕಳಿಸಿತ್ತು. ಡಬ್ಬ ಮಂಚದ ಪಕ್ಕದಲ್ಲೇ ಇತ್ತು. ಅದರ ಮೇಲೆ ನನ್ನ ಹೆಂಡತಿ ಹಲಸಿನ ಚಿಪ್ಸಿನ ಡಬ್ಬಿ ಇಟ್ಟಿದ್ದಳು. ಆ ಡಬ್ಬಿಯನ್ನು ಮಾತ್ರ ದಿನಕ್ಕೆ ನಾಲ್ಕು ಸಲ ನೆನಪಿಟ್ಟುಕೊಂಡು ತೆಗೆಯುತ್ತಿದ್ದೆ. ಅಕ್ಕ ಫೋನಿನಲ್ಲಿ ಪಿಸುದನಿಯಲ್ಲಿ ಡಬ್ಬ ಹೇಗಿದೆ ಎಂದು ಕೇಳಿದಾಗಲೆಲ್ಲ ಬಾಯಲ್ಲಿದ್ದ ಚಿಪ್ಸನ್ನು ಒಂದು ಕಡೆಗೆ ಸರಿಸಿ, ಜೋರಾಗಿದೆ ಎನ್ನುತ್ತಿದ್ದೆ.

ಆರು ತಿಂಗಳು ಕಳೆಯಿತು. ಗಂಟಲು ಚೆನ್ನಾಗಿದೆ, ಹಾಡಿ ಎಂದರು ಡಾಕ್ಟರು. ಆ ಶನಿವಾರ ಮಧ್ಯಾಹ್ನ ಡಬ್ಬಕ್ಕೆ ಚಾರ್ಜ್ ಹಾಕಿದೆ. ಮೊದಲೆಲ್ಲ ಎಂಟು ಗಂಟೆ ತೆಗೆದುಕೊಳ್ಳುತ್ತಿದ್ದದ್ದು ಒಂದೇ ಗಂಟೆಗೆ ತುಂಬಿ ಹಸಿರು ದೀಪ ತೋರಿಸಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ನೋಡು, ಆರು ತಿಂಗಳು ರೆಸ್ಟ್ ಕೊಟ್ಟದ್ದಕ್ಕೆ ಹೇಗೆ ಗಟ್ಟಿಯಾಗಿದೆ ಎಂದು ಹೆಂಡತಿಗೆ ವಿವರಿಸಿದೆ. ಅವಳು ನನ್ನನ್ನು ನೋಡಿ, ರೆಸ್ಟಿನಿಂದ ಗಟ್ಟಿಯಾದವರನ್ನು ನಾನು ಕಂಡಿಲ್ಲ ಎಂದಳು.

ಅಂದು ಪಾರ್ಕಿನಲ್ಲಿ ಯಾವತ್ತಿಗಿಂತ ಹೆಚ್ಚು ಜನ. ಅಕ್ಕ ಕುತ್ತಿಗೆಯ ಗೆರೆ ಕಾಣದ ಹಾಗೆ ಸೆರಗು ಹೊದ್ದು ಕುಳಿತಿದ್ದಳು. ಕೆಳಗಿನ ಸ್ವರಗಳಲ್ಲಿ ಹಾಡು ಶುರುವಾಯಿತು, ಬೆಣ್ಣೆಯ ಹಾಗಿತ್ತು. ಮುಂದಿನ ಸಾಲಿನ ಕೋಮಳಮ್ಮ ಕಣ್ಣೊರೆಸಿಕೊಂಡರು. ಚರಣಕ್ಕೆ ಬಂದು ಅಕ್ಕ ಮೇಲಿನ ಷಡ್ಜಕ್ಕೆ ಏರಿದಳು. ದನಿ ಒಡೆದು ಚೂರಾಯಿತು. ಮತ್ತೆ ಕೆಳಗೆ ಬಂದರೆ ಸರಿ, ಮೇಲೆ ಹೋದರೆ ಕರಕರ. ಸತ್ತ ಬ್ಯಾಟರಿಯ ಲಕ್ಷಣ ಅದೇ. ಮೆತ್ತಗೆ ಹಾಡಿದರೆ ತಡೆದುಕೊಳ್ಳುತ್ತದೆ. ದನಿ ಏರಿ ಶಕ್ತಿ ಕೇಳಿದ ಕೂಡಲೇ ಕುಸಿಯುತ್ತದೆ. ಇದನ್ನು ತಿಳಿಯಲು ಓದಿರಬೇಕಾಗಿಲ್ಲ. ಡಬ್ಬದ ಮುಂದೆಯೇ ಕೆಂಪು ದೀಪ ಮಿಣಿಮಿಣಿ ಎನ್ನುತ್ತಿತ್ತು. ಹಾಡು ನಿಲ್ಲಿಸಿ, ತಪ್ಪು ನನ್ನದು, ಮೈಕಿಲ್ಲದೆ ಹಾಡಕ್ಕ ಎಂದಿದ್ದರೆ ಅರ್ಧ ನಿಮಿಷದ ಅವಮಾನ. ಆದರೆ ಅಷ್ಟು ಹೊತ್ತಿಗೆ ಹಿಂದಿನ ಬೆಂಚಿನ ಒಬ್ಬ ಮಾಮಿ ಪಕ್ಕದವಳಿಗೆ, "ಆಪರೇಷನುಕ್ಕು ಅಪ್ಪುರಂ ಇಪ್ಪಡಿತ್ತಾನ್ ಆಗುಂ" ಎಂದು, ಆಪರೇಷನ್ ಆದ ಮೇಲೆ ಹೀಗೇ ಆಗುವುದು ಎಂದು, ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಹೆಗಲ ಮೇಲಿನ ಟವೆಲ್ ತೆಗೆದು ಕೆಂಪು ದೀಪದ ಮೇಲೆ ಹಾಕಿದೆ.

ಅಕ್ಕ ಹಾಡನ್ನು ಅರ್ಧಕ್ಕೆ ಬಿಟ್ಟಳು. ಎಲ್ಲರೂ ಸಮಾಧಾನ ಹೇಳಿ ಹೋದ ಮೇಲೆ, ವೈರು ಸುತ್ತುತ್ತಿದ್ದ ನನ್ನ ಹತ್ತಿರ ಬಂದು ನಿಂತಳು.

"ಸೌಂಡ್ ಸರಿ ಇತ್ತೇನೋ?"

"ಸೌಂಡ್ ಚೆನ್ನಾಗೇ ಇತ್ತಕ್ಕ."

"ಹಂಗಾದ್ರೆ ನಂದೇ" ಎಂದಳು. ಸೆರಗನ್ನು ಇನ್ನೊಂದು ಸುತ್ತು ಬಿಗಿದುಕೊಂಡಳು.

ಸೋಮವಾರ ಗುಟ್ಟಾಗಿ ಡಬ್ಬವನ್ನು ಬ್ಯಾಟರಿ ಅಂಗಡಿಗೆ ಎಳೆದುಕೊಂಡು ಹೋದೆ. ಒಂದು ಗಂಟೆಯಲ್ಲೇ ಫುಲ್ ಆಗುತ್ತೆ ಎಂದೆ. ಅಂಗಡಿಯವನು ಎದ್ದೂ ನೋಡದೆ, "ಅಪ್ಪೊ ಸೆತ್ತುಪೋಚ್ಚು ಸಾರ್" ಎಂದ. ಹಾಗಾದರೆ ಸತ್ತಿದೆ ಎಂದು ಅರ್ಥ. ಒಳಗೆ ಜಾಗವೇ ಉಳಿದಿಲ್ಲವಾದ್ದರಿಂದ ಬೇಗ ತುಂಬುತ್ತದಂತೆ. ಹೊಸ ಬ್ಯಾಟರಿ ಹಾಕಿಸಿದೆ. ಪ್ರಾಯಶ್ಚಿತ್ತ ಆಯಿತು ಎಂದುಕೊಂಡೆ. ನೋಡಿ ನನ್ನ ಬುದ್ಧಿ: ಮುಂದಿನ ಶನಿವಾರ ಅಕ್ಕನ ಬದಲು ಕೋಮಳಮ್ಮ ಹಾಡಿದರು. ಅವರ ಸಾಧಾರಣ ದನಿ ಹೊಸ ಬ್ಯಾಟರಿಯಲ್ಲಿ ಗಂಟೆಯ ಹಾಗೆ ಮೊಳಗಿತು. ಅದೇ ಡಬ್ಬ, ಅದೇ ಮೈಕು. ಇನ್ನು ಯಾರಿಗೆ ಅನುಮಾನ? ಅಕ್ಕನ ಗಂಟಲು ಹೋಯಿತು ಎಂಬುದಕ್ಕೆ ಬೇಕಾಗಿದ್ದ ಒಂದೇ ಒಂದು ಸಾಕ್ಷಿಯನ್ನು ನಾನೇ ರೈಲಿನಲ್ಲಿ ಹೊತ್ತು ತಂದಿದ್ದೆ.

ಅಕ್ಕ ಮತ್ತೆ ಎರಡು ಸಲ ಡಾಕ್ಟರ ಬಳಿ ಹೋದಳು. ಅವರು ಗಂಟಲೊಳಗೆ ಕ್ಯಾಮೆರಾ ಬಿಟ್ಟು, ಪರದೆಯ ಮೇಲೆ ತೋರಿಸಿ, ಏನೂ ಆಗಿಲ್ಲ ಎಂದರು. ಅಷ್ಟು ಓದಿದ ಮನುಷ್ಯನ ಮಾತನ್ನು ಅವಳು ನಂಬಲಿಲ್ಲ. ಹನ್ನೆರಡು ದಿನ ಒಂಬತ್ತನೇ ಕ್ಲಾಸಿಗೆ ಹೋದವನ ಮಾತನ್ನು ನಂಬಿದಳು. ಪಾರ್ಕಿಗೆ ಬರುವುದನ್ನು ಬಿಡಲಿಲ್ಲ. ಮೂಲೆಯ ಬೆಂಚಿನಲ್ಲಿ ಕುಳಿತು ತಾಳ ಹಾಕುತ್ತಿದ್ದಳು. ಬಾಯಿ ತೆರೆಯುತ್ತಿರಲಿಲ್ಲ. ಮನೆಯಲ್ಲೂ ಗುನುಗುವುದನ್ನು ನಿಲ್ಲಿಸಿದಳೆಂದು ಅವಳ ಮಗಳು ಹೇಳಿದಳು. ಹೀಗೇ ಒಂದು ವರ್ಷ ಹೋಯಿತು. ನಾನು ಹದಿನೈದು ದಿನಕ್ಕೊಮ್ಮೆ ತಪ್ಪದೆ ಚಾರ್ಜ್ ಹಾಕುತ್ತಿದ್ದೆ.

ಹೋದ ತಿಂಗಳು ತಡೆಯಲಾರದೆ ಅವಳ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅಡುಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದಳು. ಟವೆಲ್ಲಿನ ಸಂಗತಿ ಬಂದಾಗಲೂ ಅವಳ ಕೈ ನಿಲ್ಲಲಿಲ್ಲ.

"ಅವತ್ತೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಬೀನ್ಸ್ ಪಕ್ಕಕ್ಕಿಟ್ಟು, ನೀರು ಕುಡಿದು, ಕಣ್ಣು ಮುಚ್ಚಿ ಹಾಡಿದಳು. ಕೆಳಗಿನ ಸ್ವರಗಳೇ ತುಕ್ಕು ಹಿಡಿದಂತಿದ್ದವು. ಮೇಲಿನ ಷಡ್ಜದ ಹತ್ತಿರ ಹೋಗುವಷ್ಟರಲ್ಲಿ ಉಸಿರು ಸೋತು ದನಿ ಒಡೆಯಿತು. ಮೂರು ಸಲ ಪ್ರಯತ್ನಿಸಿ ಕಣ್ಣು ಬಿಟ್ಟಳು.

"ಈಗ ಇದು ಆಪರೇಷನ್ನಿಂದಲೋ, ಒಂದು ವರ್ಷ ಬಾಯಿ ಮುಚ್ಕೊಂಡು ಕೂತಿದ್ದರಿಂದಲೋ? ನೀನೇ ನೋಡಿ ಹೇಳಪ್ಪಾ, ಸೌಂಡ್ ಸಾರ್."

ನಾನು ಕಣ್ಣೊರೆಸಿಕೊಂಡು, ಬೀನ್ಸನ್ನು ನನ್ನ ಕಡೆಗೆ ಎಳೆದುಕೊಂಡು ನಾರು ತೆಗೆಯತೊಡಗಿದೆ. ಅವಳೇ, "ಅಳಬೇಡ ಬಿಡು. ಶನಿವಾರ ಮೈಕಲ್ಲಿ ಎಲ್ರಿಗೂ ಹೇಳು, ಅವತ್ತು ಕೆಟ್ಟಿದ್ದು ಬ್ಯಾಟರಿ ಅಂತ. ನನ್ನ ನೋಡಿದಾಗೆಲ್ಲ ಅಯ್ಯೋ ಪಾವಂ, ಅಯ್ಯೋ ಪಾಪ ಅಂತಾರಲ್ಲ, ಅದು ನಿಂತರೆ ಮನೇಲಿ ಕೂತು ಸಾಧನೆ ಮಾಡೋಕೆ ಧೈರ್ಯ ಬರುತ್ತೆ. ಅಷ್ಟೇ ಕೇಳೋದು" ಎಂದಳು. ಹೇಳುತ್ತೇನೆ ಎಂದೆ. ಈ ಸಲ ಒಂದೇ ಭಾಷೆಯಲ್ಲಿ.

ಶನಿವಾರ ಹಾಡಿಗೆ ಮುಂಚೆ ಮೈಕು ಹಿಡಿದು ನಿಂತೆ. ಜೀವನದಲ್ಲಿ ಮೊದಲ ಸಲ ಅದರ ಮುಂದುಗಡೆ. ಏನೂ ಕೆಟ್ಟಿರಲಿಲ್ಲ, ಆದರೂ ಐವತ್ತು ತಲೆಗಳು ನನ್ನ ಕಡೆ ತಿರುಗಿದವು. ಸೌಂಡ್ ಸಾರ್ ಮಾತಾಡ್ತಾರಂತೆ ಎಂದು ಯಾರೋ ನಕ್ಕರು. ಮೂಲೆಯ ಬೆಂಚಿನಲ್ಲಿ ಅಕ್ಕ ತಾಳದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಮಳೆಗಾಲ ಬರುತ್ತಿರುವುದರಿಂದ ಮುಂದಿನ ವಾರದಿಂದ ಭಜನೆ ಅರ್ಧ ಗಂಟೆ ಮೊದಲೇ ಶುರುವಾಗುತ್ತದೆ, ಎಲ್ಲರೂ ಸಹಕರಿಸಬೇಕು ಎಂದೆ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನೀವು ಯಾರೂ ಆ ಪಾರ್ಕಿಗೆ ಬರುವವರಲ್ಲ. ಅಲ್ಲಿಯವರು ಮಾತ್ರ ಈಗ ಶನಿವಾರ ಅರ್ಧ ಗಂಟೆ ಮೊದಲೇ ಬಂದು ಕೂರುತ್ತಿದ್ದಾರೆ. ನಾನು ಹೇಳಿದ್ದು ಕೊನೆಯ ಬೆಂಚಿನವರೆಗೂ ಒಂದಕ್ಷರ ಬಿಡದೆ ಕೇಳಿಸಿತಂತೆ.