ಕಲ್ಲು ನೆಟ್ಟಲ್ಲೇ ದಡ

ದಡ ಎಂದರೇನು ಎಂಬುದು ನರಸಿಂಹರಾಜಪುರ ತಾಲ್ಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲವೆಂದು ನಾನು ನಂಬಿದ್ದೆ. ಸರ್ವೆ ಕೆಲಸದಲ್ಲಿ ಚೈನು ಎಳೆದೆಳೆದು ನಿವೃತ್ತನಾದವನಲ್ಲವೇ! ಮೀನು ಹಿಡಿಯುವವರಿಗೆ ದೋಣಿ ಕಟ್ಟಿದಲ್ಲೇ ದಡ. ದನ ಮೇಯಿಸುವವರಿಗೆ ಹುಲ್ಲು ಮುಗಿದಲ್ಲೇ ದಡ. ಸರ್ಕಾರಕ್ಕೆ ಹಾಗಲ್ಲ. ಅಣೆಕಟ್ಟು ತುಂಬಿದಾಗ ಹಿನ್ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿ ಕಲ್ಲು ನೆಟ್ಟಿರುತ್ತಾರೆ. ಅದೇ ದಡ!

ಈ ಪಾಂಡಿತ್ಯವನ್ನು ಮಗಳ ಮದುವೆ ಮಾತುಕತೆಯ ದಿನವೇ ಬಳಸಿದ್ದು ಎಡವಟ್ಟಾಯಿತು.

ಮಗಳು ಸುಮಾ ಮತ್ತು ಆ ಹುಡುಗ ಕೊಪ್ಪದ ಒಂದೇ ಶಾಲೆಯಲ್ಲಿ ಪಾಠ ಮಾಡುವವರು. ಇಬ್ಬರೂ ಮೆಚ್ಚಿಕೊಂಡಾಗಿತ್ತು. ಹುಡುಗನ ತಾಯಿ ಹೂಂ ಎನ್ನುವುದೊಂದೇ ಬಾಕಿ. ಅವರ ಮನೆ ಹಿನ್ನೀರಿನ ಆಚೆ. ಬಸ್ಸಿನಲ್ಲಿ ಸುತ್ತಿ ಬರುವುದು ಬೇಡ, ದೋಣಿಯಲ್ಲಿ ಬನ್ನಿ ಎಂದು ನಾನೇ ಮೊಬೈಲಿನಲ್ಲಿ ಹೇಳಿದೆ.

"ದಡದಲ್ಲೇ ಚಪ್ಪರ ಹಾಕಿಸಿರ್ತೇನೆ. ಕಾಲಿಗೆ ಚೂರು ಕೆಸರು ತಾಗಿದ್ರೆ ಕೇಳಿ!"

ಚಪ್ಪರ ಕಲ್ಲಿನ ಪಕ್ಕದಲ್ಲೇ ಎದ್ದಿತು. ಬೇಸಿಗೆಯಾದ್ದರಿಂದ ನೀರು ಎಲ್ಲೋ ದೂರದಲ್ಲಿ ಮಿನುಗುತ್ತಿತ್ತು. ಹೆಂಡತಿ ಸಾವಿತ್ರಿ ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಎಂತ ಮಾರಾಯ್ರೆ, ನೀರು ಅಲ್ಲಿ, ಚಪ್ಪರ ಇಲ್ಲಿ?"

"ನೀರು ಇವತ್ತಿರತ್ತೆ, ನಾಳೆ ಹೋಗತ್ತೆ. ಕಲ್ಲು ಹೋಗಲ್ಲ."

"ಕಲ್ಲಿನ ಹತ್ರ ದೋಣಿ ಬರತ್ತಾ?"

ಸದರಿ ಪ್ರಶ್ನೆ ಸರ್ವೆ ನಿಯಮಗಳ ವ್ಯಾಪ್ತಿಗೆ ಬಾರದ ಕಾರಣ ನಾನು ಚಪ್ಪರದ ಕಂಬ ಅಲುಗಾಡಿಸಿ ನೋಡತೊಡಗಿದೆ.

ಸ್ವಲ್ಪ ಹೊತ್ತಿಗೆ ಮೊಬೈಲು ಕೂಗಿತು. ಹುಡುಗನ ತಾಯಿ.

"ನಾವು ದಡಕ್ಕೆ ಬಂದಾಯ್ತು. ನೀವೆಲ್ಲಿ?"

"ನಾನೂ ದಡದಲ್ಲೇ ಇದ್ದೇನಲ್ಲ!"

ದೂರದಲ್ಲಿ ತಾಯಿ, ಮಗ ದೋಣಿಯ ಪಕ್ಕ ನಿಂತು ಕೈ ಬೀಸುತ್ತಿದ್ದರು. ನಡುವೆ ಒಣಗಿ ಬಿರುಕು ಬಿಟ್ಟ ಬಯಲು. "ನೇರ ಬನ್ನಿ, ಗಟ್ಟಿ ನೆಲ!" ಎಂದು ಸರ್ಟಿಫಿಕೇಟು ಕೊಟ್ಟೆ. ಪಾಪ, ನಂಬಿ ಬಂದರು. ಗಟ್ಟಿಯಿದ್ದದ್ದು ಮೇಲಿನ ಪದರ ಮಾತ್ರ. ತಾಯಿಯ ಒಂದು ಚಪ್ಪಲಿ ಹೋಯಿತು. ಆಮೇಲೆ ಇನ್ನೊಂದು. ಆಮೇಲೆ ಅವರ ತಾಳ್ಮೆ.

ನಾನು ನೀರು-ಬೆಲ್ಲದ ತಟ್ಟೆ ಹಿಡಿದೇ ಓಡಿದೆ. ನೆಂಟರಿಗೆ ಮೊದಲು ನೀರು-ಬೆಲ್ಲ ಕೊಡಬೇಕು, ಪ್ರಳಯವಾದರೂ ಪದ್ಧತಿ ಬಿಡಬಾರದು! ಅವರ ಮುಂದೆ ನಿಂತು ತಟ್ಟೆ ಚಾಚಿದೆ. ಚಾಚುತ್ತಲೇ ಇಳಿದೆ. ಮೊಣಕಾಲು. ತೊಡೆ. ಇಸ್ತ್ರಿ ಮಾಡಿದ ಪಂಚೆ!

"ಬೆಲ್ಲ ತಗೊಳ್ಳಿ," ಎಂದೆ.

"ಬೆಲ್ಲ ಇರ್ಲಿ, ಮೊದ್ಲು ಕೈ ಕೊಡಿ!"

ಬೀಗಿತ್ತಿಯಾಗಬೇಕಾದವರು ಒಂದು ಕೈ, ಅಳಿಯನಾಗಬೇಕಾದವನು ಇನ್ನೊಂದು ಕೈ ಹಿಡಿದು ಎಳೆದರು. ಮಗಳ ಮದುವೆಯನ್ನು ನಾನೇ ಮುಳುಗಿಸಿದೆನಲ್ಲ ಎಂದು ನಿಜವಾಗಿಯೂ ಅಳು ಬಂತು.

ಅಷ್ಟರಲ್ಲಿ ಸಾವಿತ್ರಿಯೂ ಸುಮಾಳೂ ನನ್ನ ಚಪ್ಪರವನ್ನೇ ಕಿತ್ತು, ಅದರ ಬಿದಿರಿನ ತಟ್ಟಿಗಳನ್ನು ಕೆಸರಿನ ಮೇಲೆ ಹಾಸುತ್ತ ಬಂದರು. ಸುಮಾ ರೇಷ್ಮೆ ಸೀರೆಯನ್ನು ಎತ್ತಿ ಕಟ್ಟಿದ್ದಳು, ಮೂಗಿನ ಮೇಲೆಲ್ಲ ಕೆಸರು. "ನನ್ನ ಕೈ ಹಿಡ್ಕೊಳ್ಳಿ ಅಮ್ಮ," ಎಂದು ಹುಡುಗನ ತಾಯಿಯನ್ನು ತಟ್ಟಿಯ ಮೇಲೆ ಹತ್ತಿಸಿಕೊಂಡಳು. ಆಕೆ ಅವಳ ಮೂಗನ್ನು ನೋಡಿದರು. ನನ್ನ ಪಂಚೆಯನ್ನು ನೋಡಿದರು. ಅವರಿಗೆ ನಗು ತಡೆಯಲಾಗಲಿಲ್ಲ.

"ನಮ್ಮನೆಯವ್ರೂ ಹೀಗೇ ದಾರಿ ಹೇಳೋರು. ನಮ್ಮನೆಗೆ ಇಂಥ ಹುಡುಗಿಯೇ ಬೇಕು ಮಾರಾಯ್ರೆ!"

ಮನೆಗೆ ಹೋಗಿ, ಕಾಲು ತೊಳೆದು, ಮಾತು ಮುಗಿಸಿದೆವು. ಬೀಗಿತ್ತಿಯದು ಒಂದೇ ಷರತ್ತು.

"ಮದುವೆಗೆ ನಾವು ಬಸ್ಸಲ್ಲೇ ಬರ್ತೇವೆ."

"ಅಗತ್ಯವಾಗಿ! ಬಸ್ ಸ್ಟ್ಯಾಂಡ್ ಅಂದ್ರೆ ಕಾನೂನಿನ ಪ್ರಕಾರ..." ಎಂದು ಶುರು ಮಾಡಿದೆ.

ಸಾವಿತ್ರಿ ತಟ್ಟೆಯಿಂದ ಎಲ್ಲಕ್ಕಿಂತ ದೊಡ್ಡ ಬೆಲ್ಲದ ತುಂಡು ಆರಿಸಿ ನನ್ನ ಬಾಯಿಗೆ ತುರುಕಿದಳು.